ಹಳೆಯ ಕ್ಯಾಮೆರಾಗೆ ಹೊಸ ಬೆಲ್ಲೋಸ್: ಹೆಸರು ಹುಡುಕಬೇಡಿ, ಅಳತೆ ಹಿಡಿಯಿರಿ

ಊರಿನ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಸಿದ ತೇಗದ ಕ್ಯಾಮೆರಾ, ಬಾಗಿಲು ಮುಚ್ಚಿದ ಸ್ಟುಡಿಯೊದಿಂದ ಕೊಂಡ ಹಾಫ್ ಪ್ಲೇಟ್ ಕ್ಯಾಮೆರಾ, ಆನ್‌ಲೈನಿನಲ್ಲಿ ತರಿಸಿದ 4×5 ಮೊನೊರೈಲ್. ಹೀಗೆ ಏನೋ ಒಂದು ಈಗ ಬೆಂಗಳೂರಿನ ಬ್ರೂಕ್‌ಫೀಲ್ಡಿನ ನಿಮ್ಮ ಫ್ಲ್ಯಾಟಿಗೆ ಬಂದಿದೆ. ಮರ ಗಟ್ಟಿಯಾಗಿದೆ. ಹಿತ್ತಾಳೆ ಉಜ್ಜಿದರೆ ಹೊಳೆಯುತ್ತದೆ. ಲೆನ್ಸಿಗೆ ಫಂಗಸ್ ಹಿಡಿದಿಲ್ಲ. ಆದರೆ ಮುಂಭಾಗವನ್ನು ಮೆಲ್ಲಗೆ ಎಳೆದು ಬೆಲ್ಲೋಸ್, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಗಳ ತಿದಿ, ಬಿಡಿಸಿದರೆ ಚರ್ಮ ಪುಡಿಪುಡಿಯಾಗಿ ಉದುರುತ್ತದೆ, ಮಡಿಕೆಗಳ ಮೂಲೆಯಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ.

ಮುಂದಿನ ಹೆಜ್ಜೆಯಾಗಿ ಎಲ್ಲರೂ ಮಾಡುವುದು ಒಂದೇ: ಕ್ಯಾಮೆರಾದ ಹೆಸರು ಹಾಕಿ ಬೆಲ್ಲೋಸ್ ಹುಡುಕುವುದು. ಬಹುಪಾಲು ಹಳೆಯ ಕ್ಯಾಮೆರಾಗಳಿಗೆ ಹಾಗೆ ಹುಡುಕಿದರೆ ಏನೂ ಸಿಗುವುದಿಲ್ಲ. ತಯಾರಿಸಿದ ಕಂಪನಿ ಮುಚ್ಚಿ ದಶಕಗಳಾಗಿರುತ್ತವೆ. ಮರದ ಕ್ಯಾಮೆರಾಗಳಲ್ಲಿ ಒಂದೇ ಮಾದರಿಯ ಎರಡರ ನಡುವೆಯೂ ಕೆಲವು ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ಇಷ್ಟಕ್ಕೇ ಕ್ಯಾಮೆರಾವನ್ನು ಷೋಕೇಸಿಗೆ ಸೇರಿಸುವವರು ಬಹಳ ಮಂದಿ. ಹಾಗೆ ಮಾಡಬೇಕಾಗಿಲ್ಲ. ಬೆಲ್ಲೋಸ್ ಎನ್ನುವುದು ಮಾಡೆಲ್ ನಂಬರಿನ ಬಿಡಿಭಾಗವಲ್ಲ, ಅಳತೆಯ ವಸ್ತು. ಅಳತೆ ಸರಿಯಾಗಿ ಹಿಡಿದವರಿಗೆ ಅದನ್ನು ಪಡೆಯಲು ನಾಲ್ಕಾರು ದಾರಿಗಳಿವೆ, ಅವುಗಳಲ್ಲಿ ಕೆಲವು ಬೆಂಗಳೂರಿನೊಳಗೇ ಇವೆ.

ಇದಕ್ಕೆ ನಮ್ಮ ನೆರೆಯಲ್ಲೇ ದೊಡ್ಡ ನಿದರ್ಶನವಿದೆ. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಸ್ಟುಡಿಯೊ ಛಾಯಾಗ್ರಾಹಕರೊಬ್ಬರು ಹಾಳಾದ ಬೆಲ್ಲೋಸನ್ನು ಸಂಗೀತ ವಾದ್ಯ ರಿಪೇರಿ ಮಾಡುವವರ ಬಳಿಗೆ ಒಯ್ದರು. ಆ ಮನೆಯ ಕೆ. ಕರುಣಾಕರನ್ ಅದನ್ನು ಸರಿಮಾಡಿಕೊಟ್ಟರು. ಬೆಲ್ಲೋಸ್ ಮಾಡಬಲ್ಲವರು ಕ್ಯಾಮೆರಾವನ್ನೂ ಮಾಡಬಹುದಲ್ಲ ಎಂಬ ಮಾತಿನಿಂದ ‘ವಾಗೀಶ್ವರಿ’ ಕ್ಯಾಮೆರಾ ಹುಟ್ಟಿತು. ತೇಗದ ಮರ, ಹಿತ್ತಾಳೆಯ ಜೋಡಣೆಯ ಈ ಕ್ಯಾಮೆರಾ ಮುಂದೆ ದೇಶದ ಎಷ್ಟೋ ಸ್ಟುಡಿಯೊಗಳ ಮುಖ್ಯ ಉಪಕರಣವಾಯಿತು. ಹಾರ್ಮೋನಿಯಂನ ತಿದಿಯನ್ನು ಬಲ್ಲ ಕೈ ಕ್ಯಾಮೆರಾದ ಬೆಲ್ಲೋಸನ್ನೂ ಮಾಡಬಲ್ಲದು ಎಂಬುದು ಇಂದಿಗೂ ಉಪಯೋಗಕ್ಕೆ ಬರುವ ಪಾಠ.

ಬೆಲ್ಲೋಸ್ ಕೆಲಸ ಮಾಡುವ ಬಗೆ

ಬೆಲ್ಲೋಸಿಗೆ ಮೂರು ಕೆಲಸಗಳಿವೆ. ಹೊರಗಿನ ಬೆಳಕನ್ನು ಪೂರ್ತಿ ತಡೆಯಬೇಕು. ಲೆನ್ಸಿನಿಂದ ಬಂದ ಬೆಳಕು ಒಳಗೋಡೆಗೆ ತಾಗಿದರೆ ಅದನ್ನು ಹೀರಿಕೊಳ್ಳಬೇಕು, ಇಲ್ಲದಿದ್ದರೆ ಚಿತ್ರದ ಕಪ್ಪು ಮಸುಕಾಗುತ್ತದೆ. ಮೂರನೆಯದಾಗಿ, ಪೂರ್ತಿ ಎಳೆದಾಗ ಜೋತುಬೀಳದೆ, ಮುಚ್ಚಿದಾಗ ಅಡ್ಡಿಯಾಗದೆ ಮಡಚಿಕೊಳ್ಳಬೇಕು.

ಈ ಮೂರೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಬೆಳಕು ತಡೆಯಲು ಬಟ್ಟೆ ದಪ್ಪವಾಗಿರಬೇಕು, ಮಡಚಲು ತೆಳುವಾಗಿರಬೇಕು, ಆಕಾರ ಉಳಿಯಲು ಬಿಗಿಯಾಗಿರಬೇಕು. ಹಾಗಾಗಿ ಒಳ್ಳೆಯ ಬೆಲ್ಲೋಸಿನಲ್ಲಿ ಕೆಲಸವನ್ನು ಮೂರು ಪದರಗಳಿಗೆ ಹಂಚಿರುತ್ತಾರೆ. ಹೊರಗೆ ತೆಳು ಚರ್ಮ ಅಥವಾ ಲೇಪನವಿರುವ ಬಟ್ಟೆ. ಒಳಗೆ ಹೊಳಪಿಲ್ಲದ ಕಪ್ಪು ಲೈನಿಂಗ್. ಇವೆರಡರ ನಡುವೆ, ಪ್ರತಿ ಮಡಿಕೆಯ ಪ್ರತಿ ಮುಖಕ್ಕೂ ಒಂದೊಂದು ತೆಳು ರಟ್ಟಿನ ಪಟ್ಟಿ. ಪಟ್ಟಿಗಳ ನಡುವೆ ರಟ್ಟಿಲ್ಲದ ಸಣ್ಣ ಸಂದು ಬಿಟ್ಟಿರುತ್ತಾರೆ, ಮಡಿಕೆ ಬೀಳುವುದು ಅಲ್ಲೇ. ಮೂಲೆಗಳಲ್ಲಿ ರಟ್ಟು ಇರುವುದಿಲ್ಲ. ಅಲ್ಲಿ ಬಟ್ಟೆ ಎರಡು ದಿಕ್ಕಿಗೆ ಮಡಚಿಕೊಳ್ಳುತ್ತದೆ. ಅತಿ ಹೆಚ್ಚು ಸವೆಯುವುದೂ ಮೊದಲು ತೂತು ಬೀಳುವುದೂ ಮೂಲೆಗಳೇ.

ಆಕಾರದಲ್ಲಿ ಮುಖ್ಯವಾಗಿ ಮೂರು ಬಗೆ. ಹಿಂದೆ ಮುಂದೆ ಒಂದೇ ಅಳತೆಯ ನೇರ ಬೆಲ್ಲೋಸ್ ಮೊನೊರೈಲ್ ಕ್ಯಾಮೆರಾಗಳಲ್ಲಿ ಹೆಚ್ಚು. ಹಿಂದೆ ಅಗಲ, ಮುಂದೆ ಕಿರಿದಾದ ಇಳಿಜಾರು ಬೆಲ್ಲೋಸ್ ಮರದ ಫೀಲ್ಡ್ ಕ್ಯಾಮೆರಾಗಳಲ್ಲಿ ಸಾಮಾನ್ಯ. ಮುಚ್ಚಿದಾಗ ಅದರ ಮಡಿಕೆಗಳು ಒಂದರೊಳಗೊಂದು ಕೂರುವುದರಿಂದ ಕಡಿಮೆ ಜಾಗ ಸಾಕು. ಮಡಿಕೆಯೇ ಇಲ್ಲದ ಚೀಲದಂಥ ಬ್ಯಾಗ್ ಬೆಲ್ಲೋಸ್ 90 ಮಿ.ಮೀ. ಮತ್ತು ಅದಕ್ಕೂ ಕಡಿಮೆ ಫೋಕಲ್ ಲೆಂತಿನ ವೈಡ್ ಲೆನ್ಸುಗಳಿಗೆ. ನಿಮ್ಮದು ಯಾವುದೆಂದು ಮೊದಲು ಗುರುತಿಸಿಕೊಳ್ಳಿ.

ಮೊದಲು ಖಚಿತಪಡಿಸಿಕೊಳ್ಳಿ: ತಪ್ಪು ಬೆಲ್ಲೋಸಿನದೇ?

ಚಿತ್ರದಲ್ಲಿ ಮಸುಕು ಕಂಡ ಕೂಡಲೇ ಬೆಲ್ಲೋಸನ್ನು ದೂರಬೇಡಿ. ಫಿಲ್ಮ್ ಹೋಲ್ಡರ್, ಲೆನ್ಸ್ ಬೋರ್ಡಿನ ಸಂದು, ಹಿಂಬದಿಯ ಚೌಕಟ್ಟು, ಷಟರ್ ಇವೆಲ್ಲ ಬೆಳಕು ಸೋರಬಲ್ಲ ಜಾಗಗಳೇ.

1. ಟಾರ್ಚ್ ಪರೀಕ್ಷೆ. ರಾತ್ರಿ ದೀಪ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದು ನಿಮಿಷ ಕೊಡಿ. ಬೆಲ್ಲೋಸನ್ನು ಪೂರ್ತಿ ಎಳೆದು, ಹಿಂಬದಿಯಿಂದ ಸಣ್ಣ ಎಲ್‌ಇಡಿ ಟಾರ್ಚನ್ನು ಒಳಗಿಟ್ಟು ತೆರೆದ ಬದಿಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿ. ಹೊರಗಿನಿಂದ ಪ್ರತಿ ಮೂಲೆಯನ್ನೂ ನೋಡಿ. ಟಾರ್ಚನ್ನು ಒಳಗೆ ಅತ್ತಿತ್ತ ಸರಿಸಿ; ಓರೆಯಾಗಿ ಬಿದ್ದ ಬೆಳಕಿಗೆ ಮಾತ್ರ ಕಾಣುವ ತೂತುಗಳೂ ಇರುತ್ತವೆ. ಸಿಕ್ಕ ಜಾಗಕ್ಕೆಲ್ಲ ಬಿಳಿ ಸೀಮೆಸುಣ್ಣದ ಗುರುತು ಹಾಕಿ.

2. ಬಿಸಿಲು ಪರೀಕ್ಷೆ. ಹೋಲ್ಡರಿಗೆ ಫಿಲ್ಮಿನ ಬದಲು ಡಾರ್ಕ್‌ರೂಮಿನ ಪ್ರಿಂಟಿಂಗ್ ಪೇಪರ್ ಹಾಕಿ, ಅದು ಫಿಲ್ಮಿಗಿಂತ ಅಗ್ಗ. ಲೆನ್ಸಿಗೆ ಕ್ಯಾಪ್ ಹಾಕಿ, ಕ್ಯಾಮೆರಾವನ್ನು ಬಿಸಿಲಿನಲ್ಲಿಟ್ಟು ಡಾರ್ಕ್ ಸ್ಲೈಡ್ ತೆಗೆಯಿರಿ. ಷಟರ್ ಒತ್ತದೆ ಐದು ನಿಮಿಷ ಬಿಟ್ಟು, ಕ್ಯಾಮೆರಾವನ್ನು ನಾಲ್ಕೂ ಕಡೆಗೆ ತಿರುಗಿಸಿ, ಸ್ಲೈಡ್ ಮುಚ್ಚಿ ಡೆವಲಪ್ ಮಾಡಿ. ಪೇಪರ್ ಬಿಳಿಯಾಗಿಯೇ ಉಳಿದರೆ ದೊಡ್ಡ ಸೋರಿಕೆ ಇಲ್ಲ. ಅಂಚಿನಿಂದ ಹೊರಟ ಗೆರೆ ಕಂಡರೆ ಹೋಲ್ಡರ್ ಅಥವಾ ಹಿಂಬದಿಯ ಚೌಕಟ್ಟನ್ನು ನೋಡಿ. ಮಧ್ಯದಲ್ಲಿ ಹರಡಿದ ಮಬ್ಬು ಕಲೆ ಇದ್ದರೆ ಬೆಲ್ಲೋಸಿನ ಮೇಲೆ ಅನುಮಾನ ಇಡಬಹುದು.

ಪೇಪರಿನ ವೇಗ ಫಿಲ್ಮಿಗಿಂತ ಬಹಳ ಕಡಿಮೆ. ಪೇಪರಿನಲ್ಲಿ ಪಾಸಾದ ಮೇಲೆ ಕೊನೆಗೊಮ್ಮೆ ಒಂದು ಹಾಳೆ ಫಿಲ್ಮಿನಲ್ಲೂ ನೋಡುವುದು ಒಳ್ಳೆಯದು.

ತೇಪೆ ಸಾಕೋ, ಬದಲಾಯಿಸಬೇಕೋ?

ತೂತುಗಳು ಕೆಲವೇ ಇದ್ದು, ಉಳಿದೆಡೆ ಚರ್ಮ ಅಥವಾ ಬಟ್ಟೆ ಇನ್ನೂ ಮೆತ್ತಗಿದ್ದರೆ ತೇಪೆ ಸಾಕು. ತೆಳುವಾದ ಕಪ್ಪು ಬಟ್ಟೆಯ ಸಣ್ಣ ತುಂಡನ್ನು ಒಳಬದಿಯಿಂದ ರಬ್ಬರ್ ಆಧಾರಿತ ಅಂಟಿನಲ್ಲಿ ಕೂರಿಸಿ. ಚಪ್ಪಲಿ ರಿಪೇರಿಯವರು ಬಳಸುವ ‘ಸಲ್ಯೂಷನ್’ ಈ ಜಾತಿಯದೇ. ಒಣಗಿದ ಮೇಲೂ ಬಾಗುತ್ತದೆ. ಮೂಲೆಯ ತೇಪೆಯನ್ನು ಬೆಲ್ಲೋಸ್ ಅರ್ಧ ಮಡಚಿದ ಸ್ಥಿತಿಯಲ್ಲಿ ಅಂಟಿಸಿ. ಪೂರ್ತಿ ಎಳೆದಿಟ್ಟು ಅಂಟಿಸಿದರೆ ಮುಚ್ಚುವಾಗ ಸುಕ್ಕುಗಟ್ಟುತ್ತದೆ.

ಚರ್ಮ ಬೆರಳಿಗೆ ಕೆಂಪು ಪುಡಿಯಾಗಿ ಹತ್ತಿದರೆ, ಮಡಿಕೆಯ ಏಣುಗಳ ಉದ್ದಕ್ಕೂ ಬಿರುಕು ಬಿಟ್ಟಿದ್ದರೆ, ಒಳಪದರ ಹೊರಪದರದಿಂದ ಬಿಟ್ಟುಕೊಂಡು ಜೋತಾಡುತ್ತಿದ್ದರೆ ತೇಪೆ ಹಾಕಿ ಪ್ರಯೋಜನವಿಲ್ಲ. ಇಂದು ಹತ್ತು ತೂತು ಮುಚ್ಚಿದರೆ ಮುಂದಿನ ಸಲ ಎಳೆದಾಗ ಹೊಸ ಹತ್ತು ಬೀಳುತ್ತವೆ. ಆಗ ಬದಲಾಯಿಸುವುದೇ ಸರಿ.

ಹಿಡಿಯಬೇಕಾದ ಎಂಟು ಅಳತೆಗಳು

ಯಾವ ದಾರಿ ಹಿಡಿದರೂ ಇವು ಬೇಕು. ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆಯಿರಿ, ಹಳೆಯ ಬೆಲ್ಲೋಸ್ ಕ್ಯಾಮೆರಾದಲ್ಲಿ ಇರುವಾಗಲೇ ಬರೆಯಿರಿ.

1. ಹಿಂಬದಿಯ ಚೌಕಟ್ಟಿನ ಒಳ ಅಳತೆ ಮತ್ತು ಹೊರ ಅಳತೆ, ಅಗಲ ಎತ್ತರ ಎರಡೂ.
2. ಮುಂಬದಿಯ ಚೌಕಟ್ಟಿನದೂ ಹಾಗೆಯೇ.
3. ಎರಡು ಚೌಕಟ್ಟುಗಳ ನಡುವಿನ ಅತಿ ಹೆಚ್ಚಿನ ದೂರ.
4. ಕ್ಯಾಮೆರಾ ಮುಚ್ಚಿದಾಗ ಬೆಲ್ಲೋಸಿಗೆ ಉಳಿಯುವ ಜಾಗ. ಇದನ್ನೇ ಹೆಚ್ಚಿನವರು ಮರೆಯುತ್ತಾರೆ.
5. ಒಂದು ಪಟ್ಟಿಯ ಅಗಲ, ಅಂದರೆ ಮಡಿಕೆಯ ಮೇಲಿನ ಏಣಿನಿಂದ ಒಳಗಿನ ತಗ್ಗಿನವರೆಗಿನ ಅಳತೆ.
6. ಒಟ್ಟು ಪಟ್ಟಿಗಳ ಸಂಖ್ಯೆ.
7. ಮೂಲೆಯ ರೀತಿ: ಚೂಪಾಗಿದೆಯೋ, ಕತ್ತರಿಸಿದಂತೆ ಓರೆಯಾಗಿದೆಯೋ. ಜೋಡಣೆಯ ಗೆರೆ ಯಾವ ಬದಿಗಿದೆ ಎಂಬುದನ್ನೂ ಬರೆಯಿರಿ. ಸಾಮಾನ್ಯವಾಗಿ ಅದು ಕೆಳಬದಿಯಲ್ಲಿರುತ್ತದೆ.
8. ಚೌಕಟ್ಟಿಗೆ ಕೂರಿಸಿದ ಬಗೆ: ಅಂಟೋ, ಸಣ್ಣ ಮೊಳೆಯೋ, ಸ್ಕ್ರೂ ಹಾಕಿದ ಪಟ್ಟಿಯೋ. ಮೊದಲ ಮಡಿಕೆ ಹೊರಕ್ಕೆ ಏಳುತ್ತದೋ ಒಳಕ್ಕೆ ಇಳಿಯುತ್ತದೋ ಎಂದೂ ಗುರುತು ಮಾಡಿ.

ಮೂರನೆಯ ಅಳತೆಯ ಬಗ್ಗೆ ಸ್ವಲ್ಪ ಯೋಚಿಸಿ. ದೂರದ ವಸ್ತುವಿಗೆ ಫೋಕಸ್ ಮಾಡಲು ಲೆನ್ಸಿನ ಫೋಕಲ್ ಲೆಂತಿನಷ್ಟು ಉದ್ದ ಸಾಕು. ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಫಿಲ್ಮಿನ ಮೇಲೆ ತರಬೇಕಾದರೆ ಅದರ ಎರಡರಷ್ಟು ಬೇಕು. 210 ಮಿ.ಮೀ. ಲೆನ್ಸಿನಲ್ಲಿ ಮುಖವನ್ನು ಕಾಲು ಗಾತ್ರದಲ್ಲಿ ತೆಗೆಯಲು ಸುಮಾರು 262 ಮಿ.ಮೀ. ಬೇಕಾಗುತ್ತದೆ. ನಿಮ್ಮ ಬಳಿ ಇರುವ ಅತಿ ಉದ್ದದ ಲೆನ್ಸ್ ಯಾವುದು, ಎಷ್ಟು ಹತ್ತಿರದಿಂದ ಚಿತ್ರ ತೆಗೆಯುತ್ತೀರಿ ಎಂದು ಲೆಕ್ಕ ಹಾಕಿದರೆ ಕ್ಯಾಮೆರಾದ ಪೂರ್ತಿ ಉದ್ದಕ್ಕೆ ಬೆಲ್ಲೋಸ್ ಬೇಕೇ ಬೇಡವೇ ಎಂದು ತಿಳಿಯುತ್ತದೆ. ಬೇಡದ ಉದ್ದ ಎಂದರೆ ಮುಚ್ಚುವಾಗ ಬೇಡದ ದಪ್ಪ.

ಒಂದು ಲೆಕ್ಕ ಮಾಡಿ ನೋಡೋಣ

4×5 ಕ್ಯಾಮೆರಾ, ನೇರ ಬೆಲ್ಲೋಸ್, ಹೊರ ಅಳತೆ 148 ಮಿ.ಮೀ., ಬೇಕಾದ ಉದ್ದ 300 ಮಿ.ಮೀ. ಎಂದುಕೊಳ್ಳಿ.

ಬೆಲ್ಲೋಸನ್ನು ಎಂದೂ ಪೂರ್ತಿ ಚಪ್ಪಟೆಯಾಗುವಷ್ಟು ಎಳೆಯಬಾರದು. ಮಡಿಕೆ ಬಿಟ್ಟುಹೋಗುತ್ತದೆ, ಲೆನ್ಸನ್ನು ಓರೆ ಮಾಡಲು ಸಡಿಲವೂ ಉಳಿಯುವುದಿಲ್ಲ. ಬಳಸುವ ಉದ್ದದ 1.4ರಷ್ಟು ಬಟ್ಟೆ ಇಟ್ಟುಕೊಂಡರೆ ಕ್ಷೇಮ. 300ಕ್ಕೆ 420 ಮಿ.ಮೀ.

12 ಮಿ.ಮೀ. ಅಗಲದ ಪಟ್ಟಿ ಇಟ್ಟರೆ 35 ಪಟ್ಟಿ ಬೇಕು. ಬಟ್ಟೆ, ರಟ್ಟು, ಲೈನಿಂಗ್, ಅಂಟು ಸೇರಿ ದಪ್ಪ 0.7 ಮಿ.ಮೀ. ಆದರೆ ಮುಚ್ಚಿದಾಗ ಸುಮಾರು 25 ಮಿ.ಮೀ.; ಮೂಲೆಗಳಲ್ಲಿ ಇನ್ನೂ ಹೆಚ್ಚು. 15 ಮಿ.ಮೀ. ಪಟ್ಟಿ ಇಟ್ಟರೆ 28 ಪಟ್ಟಿ ಸಾಕು, ಮುಚ್ಚಿದಾಗ ಸುಮಾರು 20 ಮಿ.ಮೀ.

ಹಾಗಾದರೆ ಅಗಲ ಪಟ್ಟಿಯೇ ಮೇಲಲ್ಲವೇ? ಅಲ್ಲ. ಮಡಿಕೆ ಒಳಕ್ಕೆ ಚಾಚುವ ಜಾಗವನ್ನೂ ನೋಡಬೇಕು. ಮುಚ್ಚಿದಷ್ಟೂ ಪ್ರತಿ ಬದಿಯಿಂದ ಹೆಚ್ಚುಕಡಿಮೆ ಒಂದು ಪಟ್ಟಿಯ ಅಗಲದಷ್ಟು ಒಳದಾರಿ ಕಿರಿದಾಗುತ್ತದೆ. 12 ಮಿ.ಮೀ. ಪಟ್ಟಿಗೆ ಒಳದಾರಿ 148ರಿಂದ 24 ಕಳೆದು 124, 15 ಮಿ.ಮೀ. ಪಟ್ಟಿಗೆ 30 ಕಳೆದು 118. 4×5 ಫಿಲ್ಮಿನಲ್ಲಿ ಚಿತ್ರ ಬೀಳುವ ಜಾಗದ ಉದ್ದ ಸುಮಾರು 120 ಮಿ.ಮೀ. ಅಂದರೆ 15 ಮಿ.ಮೀ. ಪಟ್ಟಿಯಲ್ಲಿ ಚಿತ್ರದ ಅಂಚು ಕತ್ತರಿಸಿಹೋಗುತ್ತದೆ. ಮೂರು ಮಿಲಿಮೀಟರಿನ ಆಯ್ಕೆ ಇಡೀ ಬೆಲ್ಲೋಸನ್ನು ಕೆಲಸಕ್ಕೆ ಬಾರದಂತೆ ಮಾಡಬಲ್ಲದು. ದುಡ್ಡು ಕೊಡುವ ಮೊದಲು ಈ ಲೆಕ್ಕ ನಿಮ್ಮ ಕಾಗದದ ಮೇಲಿರಲಿ.

ಬೆಲ್ಲೋಸ್ ಪಡೆಯುವ ನಾಲ್ಕು ದಾರಿ

1. ಸೆಕೆಂಡ್‌ಹ್ಯಾಂಡ್ ಬೆಲ್ಲೋಸ್. ಸಿನಾರ್, ಟೊಯೊ, ಕ್ಯಾಂಬೊದಂಥ ಮೊನೊರೈಲ್ ಕ್ಯಾಮೆರಾಗಳಲ್ಲಿ ಬೆಲ್ಲೋಸ್ ತನ್ನದೇ ಚೌಕಟ್ಟಿನೊಂದಿಗೆ ಕಳಚಿ ಬರುತ್ತದೆ. ಇವಕ್ಕೆ ಮಾತ್ರ ಹೆಸರು ಹಾಕಿ ಹುಡುಕುವುದು ಫಲ ಕೊಡುತ್ತದೆ. ಕೊಳ್ಳುವ ಮೊದಲು ಮಾರುವವರಿಂದ ಕತ್ತಲಲ್ಲಿ ಟಾರ್ಚ್ ಇಟ್ಟು ತೆಗೆದ ಚಿತ್ರ ಕೇಳಿ. ‘ಕಂಡೀಷನ್ ಚೆನ್ನಾಗಿದೆ’ ಎಂಬ ಮಾತಿಗಿಂತ ಆ ಒಂದು ಚಿತ್ರ ಹೆಚ್ಚು ಹೇಳುತ್ತದೆ. ಹಳೆಯ ಎನ್‌ಲಾರ್ಜರ್‌ಗಳಲ್ಲೂ ಬೆಲ್ಲೋಸ್ ಇರುತ್ತದೆ. ಚಿಕ್ಕದಾದರೂ ಕಡಿಮೆ ಉದ್ದದ ಕ್ಯಾಮೆರಾಕ್ಕೆ ಹೊಂದಬಹುದು.

2. ಹೊರದೇಶದಿಂದ ಅಳತೆಗೆ ಮಾಡಿಸುವುದು. ಕ್ಯಾಮೆರಾ ಬೆಲ್ಲೋಸನ್ನೇ ಕಸುಬಾಗಿ ಮಾಡುವ ಸಂಸ್ಥೆಗಳಿವೆ. ಇಂಗ್ಲೆಂಡಿನ ‘ಕಸ್ಟಮ್ ಬೆಲ್ಲೋಸ್’ ಹೆಸರಾಂತದ್ದು. ಚೀನಾದಿಂದ ಅಳತೆಗೆ ಮಾಡಿ ಕಳಿಸುವ ಮಾರಾಟಗಾರರೂ ಆನ್‌ಲೈನಿನಲ್ಲಿದ್ದಾರೆ. ಮೇಲಿನ ಎಂಟು ಅಳತೆಗಳ ಜೊತೆಗೆ ಕೈಯಲ್ಲಿ ಬರೆದ ನಕ್ಷೆಯ ಫೋಟೊ ಕಳಿಸಿ. ಬೆಲೆ ಎಂದರೆ ವಸ್ತುವಿನ ಬೆಲೆಯಷ್ಟೇ ಅಲ್ಲ. ಸಾಗಣೆ ವೆಚ್ಚ, ಕಸ್ಟಮ್ಸ್ ಸುಂಕ, ತೆರಿಗೆ, ಕೊರಿಯರಿನವರ ಸೇವಾಶುಲ್ಕ ಎಲ್ಲವೂ ಸೇರುತ್ತವೆ. ಆರ್ಡರ್ ಮಾಡುವ ಮೊದಲೇ ಕೊರಿಯರ್ ಕಂಪನಿಗೆ ಫೋನ್ ಮಾಡಿ ಅಂದಾಜು ಕೇಳಿ, ಕೆವೈಸಿ ಕಾಗದಗಳನ್ನು ಸಿದ್ಧವಿಟ್ಟುಕೊಳ್ಳಿ.

3. ಪೀಣ್ಯದ ದಾರಿ. ಬೆಂಗಳೂರಿನವರು ಕಡೆಗಣಿಸುವ ದಾರಿ ಇದು. ಸಿಎನ್‌ಸಿ ಯಂತ್ರ, ಲೇತುಗಳ ಜಾರುಪಟ್ಟಿಗೆ ಲೋಹದ ಚೂರು, ಕೂಲಂಟ್ ಬೀಳದಂತೆ ಮುಚ್ಚುವ ಮಡಿಕೆ ಹೊದಿಕೆಗೂ ಬೆಲ್ಲೋಸ್ ಎಂದೇ ಹೆಸರು. ಯಂತ್ರೋಪಕರಣ ಉದ್ಯಮ ಬೇರುಬಿಟ್ಟ ಊರಾದ್ದರಿಂದ ಇವನ್ನು ಅಳತೆಗೆ ಮಾಡಿಕೊಡುವ ಸಣ್ಣ ಘಟಕಗಳು ಪೀಣ್ಯದಂಥ ಇಲ್ಲಿನ ಕೈಗಾರಿಕಾ ಪ್ರದೇಶಗಳಲ್ಲಿವೆ. ಮಡಿಕೆ ಹಾಕುವ ಕಲೆ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಅವರ ಬೆಲ್ಲೋಸ್ ತಡೆಯಬೇಕಾದದ್ದು ಎಣ್ಣೆ ಮತ್ತು ಚೂರನ್ನು. ನಿಮ್ಮದು ತಡೆಯಬೇಕಾದದ್ದು ಬೆಳಕನ್ನು. ಆದ್ದರಿಂದ ನಾಲ್ಕು ಮಾತು ಮೊದಲೇ ಸ್ಪಷ್ಟವಾಗಿರಲಿ:

• ಹೊಲಿಗೆ ಬೇಡ, ಅಂಟಿಸಿದ ಜೋಡಣೆ ಬೇಕು. ಸೂಜಿ ಹೋದ ಪ್ರತಿ ಜಾಗವೂ ಬೆಳಕಿಗೆ ತೂತು.
• ಬಟ್ಟೆ ಸಾಧ್ಯವಾದಷ್ಟು ತೆಳು ಇರಲಿ, 0.3 ಮಿ.ಮೀ. ಸುತ್ತಮುತ್ತ.
• ಒಳಬದಿ ಕಪ್ಪಾಗಿ, ಹೊಳಪಿಲ್ಲದೆ ಇರಲಿ.
• ಪೂರ್ತಿ ಮಾಡುವ ಮೊದಲು ಬಟ್ಟೆಯ ತುಂಡು ಕೊಡಲಿ. ಟಾರ್ಚ್ ಹಿಡಿದು ನೀವೇ ನೋಡಿ.

ಒಂದೇ ಪೀಸ್ ಮಾಡಲು ಎಲ್ಲರೂ ಒಪ್ಪುವುದಿಲ್ಲ. ಗೆಳೆಯರ ಕ್ಯಾಮೆರಾಗಳನ್ನೂ ಸೇರಿಸಿ ಎರಡು ಮೂರು ಒಟ್ಟಿಗೆ ಕೊಟ್ಟರೆ ಒಪ್ಪಿಸುವುದು ಸುಲಭ. ನಕ್ಷೆ ಮಿಲಿಮೀಟರಿನಲ್ಲಿ ಇರಲಿ; ‘ಹಳೆ ಕ್ಯಾಮೆರಾಗೆ ಬೇಕು’ ಎಂಬ ವಿವರಣೆಗಿಂತ ಅಳತೆ ಬರೆದ ಡ್ರಾಯಿಂಗ್ ಅಲ್ಲಿ ಬೇಗ ಅರ್ಥವಾಗುತ್ತದೆ.

4. ಕೈಯಾರೆ ಮಾಡುವುದು. ತಾಳ್ಮೆ ಇದ್ದವರಿಗೆ ಇದೇ ಅಗ್ಗ, ಇದೇ ಹೆಚ್ಚು ನಿಖರ. ಚರ್ಮದ ಕೆಲಸ ಕೈಗೆ ಹತ್ತದಿದ್ದರೆ ಹಾರ್ಮೋನಿಯಂ ರಿಪೇರಿ ಮಾಡುವವರನ್ನೂ ಪುಸ್ತಕ ಬೈಂಡಿಂಗ್ ಮಾಡುವವರನ್ನೂ ಕೇಳಿ. ತೆಳು ಚರ್ಮ, ರಟ್ಟು, ಅಂಟು ಅವರ ದಿನನಿತ್ಯದ ಸಾಮಗ್ರಿ.

ಬ್ರೂಕ್‌ಫೀಲ್ಡಿನಿಂದ ಈ ಓಡಾಟ ಈಗ ಹಗುರ. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್ 9ರಿಂದ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡುತ್ತಿದೆ. ಕುಂದಲಹಳ್ಳಿಯಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಒಂದು ದಿಕ್ಕಿಗೆ ಚಿಕ್ಕಪೇಟೆ, ಇನ್ನೊಂದು ದಿಕ್ಕಿಗೆ ಪೀಣ್ಯ. ರಟ್ಟು, ಬೈಂಡಿಂಗ್ ಬಟ್ಟೆಗೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಸುತ್ತ ವಿಚಾರಿಸಿ. ತೆಳು ಚರ್ಮಕ್ಕೆ ಶಿವಾಜಿನಗರ, ಟ್ಯಾನರಿ ರಸ್ತೆ ಕಡೆ ಕೇಳಿ. ಹೋಗುವಾಗ ಹಳೆಯ ಬೆಲ್ಲೋಸಿನ ಒಂದು ತುಂಡು, ಸಣ್ಣ ಟಾರ್ಚು, ವರ್ನಿಯರ್ ಕ್ಯಾಲಿಪರ್ ಜೊತೆಗಿರಲಿ.

ಕೈಯಾರೆ ಮಾಡುವ ಕ್ರಮ

1. ಹಳೆಯದನ್ನು ಬಿಚ್ಚಿ. ಬಿಚ್ಚುವ ಮೊದಲು ಎಲ್ಲ ಕೋನಗಳಿಂದಲೂ ಫೋಟೊ ತೆಗೆಯಿರಿ. ಚೌಕಟ್ಟಿಗೂ ಬೆಲ್ಲೋಸಿಗೂ ‘ಮೇಲೆ’, ‘ಹಿಂದೆ’ ಎಂದು ಗುರುತು ಹಾಕಿ. ಹಿತ್ತಾಳೆ ಸ್ಕ್ರೂಗಳನ್ನು ಅವುಗಳ ಜಾಗದ ಕ್ರಮದಲ್ಲೇ ಪಟ್ಟಿ ಬರೆದ ಕಾಗದದ ಮೇಲೆ ಅಂಟಿಸಿಡಿ. ಹಳೆಯ ಚರ್ಮದ ಪುಡಿಯಲ್ಲಿ ಬೂಷ್ಟು ಇರಬಹುದು, ಮಾಸ್ಕ್ ಹಾಕಿಕೊಳ್ಳಿ.

2. ನಮೂನೆ ತೆಗೆಯಿರಿ. ಜೋಡಣೆಯ ಗೆರೆಯಲ್ಲಿ ಕತ್ತರಿಸಿ ಹಳೆಯ ಬೆಲ್ಲೋಸನ್ನು ಚಪ್ಪಟೆಯಾಗಿ ಹರಡಿ. ನಾಲ್ಕು ಮುಖಗಳು, ಪಟ್ಟಿಗಳ ಜಾಗ, ಮೂಲೆಯಲ್ಲಿ ಪಟ್ಟಿಯ ತುದಿಗಳನ್ನು ಓರೆ ಕತ್ತರಿಸಿದ ಬಗೆ, ಎಲ್ಲವನ್ನೂ ಬ್ರೌನ್ ಪೇಪರಿಗೆ ಇಳಿಸಿ. ಮೂಲೆಯ ವಿನ್ಯಾಸವನ್ನು ಸ್ವಂತ ಬುದ್ಧಿಯಿಂದ ಬದಲಿಸಬೇಡಿ. ಇದ್ದದ್ದನ್ನು ಇದ್ದಂತೆಯೇ ನಕಲು ಮಾಡಿ.

3. ಕಾಗದದಲ್ಲಿ ಮಾಡಿ ನೋಡಿ. ಅದೇ ಅಳತೆಯಲ್ಲಿ ಬ್ರೌನ್ ಪೇಪರಿನ ಬೆಲ್ಲೋಸ್ ಮಾಡಿ ಚೌಕಟ್ಟಿಗೆ ಹಿಡಿದು ನೋಡಿ. ಲೆಕ್ಕ ತಪ್ಪಿದ್ದರೆ ಅದು ಇಲ್ಲೇ ಸಿಕ್ಕಿಬೀಳಲಿ, ಕಾಗದಕ್ಕೆ ಖರ್ಚಿಲ್ಲ.

4. ಪಟ್ಟಿ ಕತ್ತರಿಸಿ. 200ರಿಂದ 250 ಜಿಎಸ್‌ಎಂ ಕಾರ್ಡ್ ಶೀಟ್ ಸಾಕು. ಪಟ್ಟಿ ಪಟ್ಟಿಗೆ ನಡುವೆ ಒಂದೂವರೆಯಿಂದ ಎರಡು ಮಿ.ಮೀ. ಸಂದು ಬಿಡಿ. ಕ್ಯಾಡ್ ಬಲ್ಲವರು ನಕ್ಷೆ ಬರೆದು ಲೇಸರ್ ಕಟಿಂಗ್ ಅಂಗಡಿಗೆ ಕೊಟ್ಟರೆ ನೂರಕ್ಕೂ ಹೆಚ್ಚು ಪಟ್ಟಿಗಳು ಒಂದೇ ಅಳತೆಯಲ್ಲಿ ಸಿಗುತ್ತವೆ.

5. ಅಂಟಿಸಿ. ಒಳಪದರದ ಕಪ್ಪು ಬಟ್ಟೆಯನ್ನು ಮೇಜಿನ ಮೇಲೆ ಸುಕ್ಕಿಲ್ಲದೆ ಹರಡಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಪಟ್ಟಿಗಳನ್ನು ಒಂದೊಂದಾಗಿ ಅಂಟಿಸಿ. ಬಳಿಕ ಹೊರಪದರವನ್ನು ಮಧ್ಯದಿಂದ ಅಂಚಿನ ಕಡೆಗೆ ಒತ್ತುತ್ತಾ ಕೂರಿಸಿ. ಅಂಟು ತೆಳುವಾಗಿರಲಿ. ದ್ರಾವಕವಿರುವ ಅಂಟು ಬಳಸುವಾಗ ಕಿಟಕಿ ತೆರೆದಿಡಿ, ಗ್ಯಾಸ್ ಒಲೆ ಇರುವ ಅಡುಗೆಮನೆಯಲ್ಲಿ ಈ ಕೆಲಸ ಬೇಡ.

6. ಕೊಳವೆ ಮಾಡಿ. ಎರಡು ಅಂಚುಗಳನ್ನು 10ರಿಂದ 12 ಮಿ.ಮೀ. ಒಂದರ ಮೇಲೊಂದು ತಂದು ಅಂಟಿಸಿ. ಈ ಗೆರೆ ಕೆಳಬದಿಯ ಮಧ್ಯಕ್ಕೆ ಬರಲಿ. ಮೂಲೆಗೆ ಬಂದರೆ ಮಡಿಕೆ ಕೂರುವುದಿಲ್ಲ.

7. ಮಡಚಿ. ಅಂಟು ಪೂರ್ತಿ ಒಣಗುವ ಮೊದಲು, ಇನ್ನೂ ಬಾಗುವಾಗಲೇ ಆರಂಭಿಸಿ. ಒಂದು ತುದಿಯಿಂದ ಶುರುಮಾಡಿ ನಾಲ್ಕು ಮುಖಗಳಲ್ಲೂ ಒಂದೊಂದೇ ಮಡಿಕೆ ಎಬ್ಬಿಸುತ್ತಾ ಹೋಗಿ. ಖಾಲಿ ಬಾಲ್‌ಪೆನ್ನಿನ ತುದಿಯಿಂದ ಸಂದುಗಳನ್ನು ಮೊದಲೇ ಒತ್ತಿ ಗೆರೆ ಮಾಡಿಟ್ಟರೆ ಮಡಿಕೆ ತಾನಾಗಿ ದಾರಿ ಹಿಡಿಯುತ್ತದೆ. ಮೂಲೆಗಳನ್ನು ಬೆರಳಲ್ಲಿ ಚಿವುಟಿ ಕೂರಿಸಿ.

8. ಭಾರ ಇಡಿ. ಪೂರ್ತಿ ಮುಚ್ಚಿ, ಎರಡು ಮರದ ಹಲಗೆಗಳ ನಡುವೆ ದಪ್ಪ ಪುಸ್ತಕಗಳ ಭಾರದಲ್ಲಿ ಎರಡು ಮೂರು ದಿನ ಬಿಡಿ. ಮಡಿಕೆಗೆ ನೆನಪು ಹುಟ್ಟುವುದು ಈ ದಿನಗಳಲ್ಲೇ.

9. ಪರೀಕ್ಷಿಸಿ, ಕೂರಿಸಿ. ಚೌಕಟ್ಟಿಗೆ ಅಂಟಿಸುವ ಮೊದಲೇ ಟಾರ್ಚ್ ಪರೀಕ್ಷೆ ಮಾಡಿ. ಕೂರಿಸಿದ ಮೇಲೆ ಇನ್ನೊಮ್ಮೆ ಮಾಡಿ. ಉದ್ದದ ಬೆಲ್ಲೋಸ್ ಮಧ್ಯದಲ್ಲಿ ಜೋತುಬಿದ್ದು ಚಿತ್ರದ ಅಂಚನ್ನು ಮುಚ್ಚಬಹುದು. ಮೇಲ್ಭಾಗದ ಮಧ್ಯದ ಮಡಿಕೆಗೆ ಸಣ್ಣ ಚರ್ಮದ ಕುಣಿಕೆ ಅಂಟಿಸಿ ದಾರದಿಂದ ಎತ್ತಿ ಹಿಡಿಯಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಬ್ಲ್ಯಾಕ್‌ಔಟ್ ಪರದೆ ಬಟ್ಟೆ, ರೆಕ್ಸಿನ್ ಬಳಸುವುದು. ಬೆಳಕು ತಡೆಯುತ್ತವೆ ನಿಜ, ಆದರೆ ದಪ್ಪ ಹೆಚ್ಚು. ಮುಚ್ಚಿದಾಗ ಕ್ಯಾಮೆರಾದೊಳಗೆ ಹಿಡಿಸುವುದಿಲ್ಲ. ಬಲವಂತವಾಗಿ ಮುಚ್ಚಿದರೆ ಮುಂದಿನ ಚೌಕಟ್ಟಿನ ಮೇಲೆ ಒತ್ತಡ ಬಿದ್ದು ಫೋಕಸ್ ಸರಿಯುತ್ತದೆ.

• ಕೊಡೆ ಬಟ್ಟೆ ಬಳಸುವುದು. ಕಣ್ಣಿಗೆ ಕಪ್ಪು; ಟಾರ್ಚಿಗೆ ಹಿಡಿದರೆ ಜರಡಿ.

• ಕಪ್ಪು ಮಾರ್ಕರ್ ಬಳಿಯುವುದು. ಬಣ್ಣ ಬರುತ್ತದೆ, ತೂತು ಮುಚ್ಚುವುದಿಲ್ಲ.

• ಇನ್ಸುಲೇಷನ್ ಟೇಪ್ ಸುತ್ತುವುದು. ಏಪ್ರಿಲ್ ಬಿಸಿಲಿಗೆ ಅದರ ಗೋಂದು ಕರಗಿ ಮಡಿಕೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಬಿಡಿಸುವಾಗ ಉಳಿದ ಚರ್ಮವೂ ಕಿತ್ತುಬರುತ್ತದೆ.

• ಫೆವಿಕ್ವಿಕ್ ಹಾಕುವುದು. ಒಣಗಿದ ಮೇಲೆ ಗಾಜಿನಂತೆ ಬಿಗಿದು, ಮೊದಲ ಮಡಿಕೆಗೇ ಅದರ ಅಂಚಿನಲ್ಲಿ ಹೊಸ ಸೀಳು ಬಿಡುತ್ತದೆ.

• ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುವುದು. ಮೆದುವಾಗಲಿ ಎಂದು ಮಾಡುವ ಈ ಉಪಚಾರ ಒಳಗಿನ ಅಂಟನ್ನು ಸಡಿಲಿಸುತ್ತದೆ, ಮಳೆಗಾಲದಲ್ಲಿ ಬೂಷ್ಟು ತರುತ್ತದೆ.

• ಅಂದಾಜಿನ ಮೇಲೆ ಆರ್ಡರ್ ಮಾಡುವುದು. ‘4×5 ಬೆಲ್ಲೋಸ್’ ಎಂಬ ಸಿದ್ಧ ಅಳತೆ ಯಾವುದೂ ಇಲ್ಲ. 4×5 ಎನ್ನುವುದು ಫಿಲ್ಮಿನ ಅಳತೆ, ಚೌಕಟ್ಟಿನದಲ್ಲ.

• ವೈಡ್ ಲೆನ್ಸನ್ನು ಮರೆಯುವುದು. 90 ಮಿ.ಮೀ. ಲೆನ್ಸಿನಲ್ಲಿ ಫೋಕಸ್ ಮಾಡುವಾಗ ಫಿಲ್ಮಿಗೂ ಲೆನ್ಸಿಗೂ ನಡುವೆ ಇರುವುದೇ ಸುಮಾರು 90 ಮಿ.ಮೀ. ಅಷ್ಟರಲ್ಲಿ ಚೌಕಟ್ಟುಗಳ ದಪ್ಪವೂ ಹೋಗಿ ಉಳಿದ ಜಾಗದಲ್ಲಿ ಬೆಲ್ಲೋಸ್ ಮುದುಡಿಕೊಂಡು ಲೆನ್ಸನ್ನು ಮೇಲೆ ಕೆಳಗೆ ಸರಿಸಲು ಬಿಡುವುದಿಲ್ಲ. ಇಂಥ ಲೆನ್ಸ್ ಹೆಚ್ಚು ಬಳಸುವವರು ಬ್ಯಾಗ್ ಬೆಲ್ಲೋಸನ್ನೇ ಯೋಚಿಸಲಿ.

ಹೊಸ ಬೆಲ್ಲೋಸನ್ನು ಉಳಿಸಿಕೊಳ್ಳುವುದು

ಬೆಂಗಳೂರಿನ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ ಚರ್ಮಕ್ಕೂ ಅಂಟಿಗೂ ಒಳ್ಳೆಯದಲ್ಲ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಗಾಳಿಯಾಡುವ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಡಿ. ಜಿರಳೆ, ಬೆಳ್ಳಿಹುಳುಗಳಿಗೆ ಹಳೆಯ ಗೋಂದು ಬಲು ಇಷ್ಟ, ಅಟ್ಟದ ಮೂಲೆ ಅವುಗಳ ಮನೆ. ತಿಂಗಳಿಗೊಮ್ಮೆ ಬೆಲ್ಲೋಸನ್ನು ಪೂರ್ತಿ ಬಿಡಿಸಿ, ಮೆತ್ತನೆಯ ಬ್ರಷ್‌ನಿಂದ ಒಳಗಿನ ಧೂಳು ಝಾಡಿಸಿ, ಮತ್ತೆ ಮುಚ್ಚಿ. ಒಳಗಿನ ಧೂಳು ಫಿಲ್ಮಿನ ಮೇಲೆ ಕೂತರೆ ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಬರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕ್ಯಾಮೆರಾ ಬಿಡಬೇಡಿ.

ಯಾರು ಯಾವ ದಾರಿ ಹಿಡಿಯಬೇಕು?

ಬೆಲ್ಲೋಸ್ ಕಳಚಿ ಬರುವ ಮೊನೊರೈಲ್ ನಿಮ್ಮದಾದರೆ ಸೆಕೆಂಡ್‌ಹ್ಯಾಂಡ್ ಹುಡುಕಿ. ಅದೇ ಬೇಗ ಮುಗಿಯುವ ಕೆಲಸ. ಅಪರೂಪದ, ಬೆಲೆಬಾಳುವ ಮರದ ಕ್ಯಾಮೆರಾ ಆಗಿದ್ದು ಮೊದಲಿದ್ದಂಥ ಚರ್ಮದ ನೋಟವೇ ಬೇಕಿದ್ದರೆ ಕಸುಬುದಾರರಿಂದ ಅಳತೆಗೆ ಮಾಡಿಸಿ. ವಾಗೀಶ್ವರಿಯಂಥ ಸ್ಟುಡಿಯೊ ಕ್ಯಾಮೆರಾವನ್ನು ಬಳಕೆಗೇ ತರಬೇಕೆನ್ನುವವರು ಕೈಯಾರೆ ಮಾಡಿ, ಇಲ್ಲವೇ ವಾದ್ಯ ಮತ್ತು ಬೈಂಡಿಂಗ್ ಕೆಲಸದವರ ನೆರವು ಪಡೆಯಿರಿ. ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳಿದ್ದರೆ ಪೀಣ್ಯಕ್ಕೆ ಡ್ರಾಯಿಂಗ್ ಒಯ್ಯಿರಿ.

ಎಲ್ಲರಿಗೂ ಒಂದು ಕೋರಿಕೆ. ಹಳೆಯ ಬೆಲ್ಲೋಸನ್ನು ಕಸಕ್ಕೆ ಎಸೆಯಬೇಡಿ, ಅದೇ ನಿಮ್ಮ ಕ್ಯಾಮೆರಾದ ಮೂಲ ನಕ್ಷೆ. ಎಂಟು ಅಳತೆಗಳನ್ನೂ ಬ್ರೌನ್ ಪೇಪರಿನ ನಮೂನೆಯನ್ನೂ ಕ್ಯಾಮೆರಾದ ಪೆಟ್ಟಿಗೆಯಲ್ಲೇ ಇಡಿ, ಅದೇ ಬಗೆಯ ಕ್ಯಾಮೆರಾ ಇರುವವರು ಕೇಳಿದರೆ ಪ್ರತಿ ಕೊಡಿ. ಬಿಡಿಭಾಗ ಸಿಗದ ಈ ಕ್ಯಾಮೆರಾಗಳು ಮುಂದೆಯೂ ಚಿತ್ರ ತೆಗೆಯುತ್ತಿರಬೇಕಾದರೆ ಅಳತೆಗಳು ಕೈಯಿಂದ ಕೈಗೆ ದಾಟಬೇಕು.